ಮನೆಯ ಮಾರ್ಜಕವೂ ಖತೀಫಿನ ನೀರೂ



ಬಟ್ಟೆ ಒಗೆಯುವ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವ ವಿಚಾರ ಈಚೆಗೆ ನಮ್ಮ ಬಳಗದಲ್ಲಿ ಬಹಳವಾಗಿ ಓಡಾಡುತ್ತಿದೆ. ಒಂದು ಬಿಲ್ಲೆ ಸಾಬೂನನ್ನು ತುರಿಯುವುದು, ಅದಕ್ಕೆ ಒಂದು ಬಟ್ಟಲು ವಾಷಿಂಗ್ ಸೋಡಾ, ಒಂದು ಬಟ್ಟಲು ಬೋರಾಕ್ಸ್ ಬೆರೆಸಿ ಡಬ್ಬಿಗೆ ತುಂಬುವುದು, ಒಗೆಯುವಾಗ ಎರಡು ಚಮಚ ಹಾಕುವುದು. ಇಷ್ಟಾದರೆ ರಾಸಾಯನಿಕವಿಲ್ಲದ, ಅಗ್ಗದ, ನೈಸರ್ಗಿಕ ಮಾರ್ಜಕ ಸಿದ್ಧವೆಂದು ಕೈಯಿಂದ ಕೈಗೆ ಬಂದ ವಿಧಾನ ಹೇಳುತ್ತದೆ. ಇನ್ನೂ ಉತ್ಸಾಹಿಗಳು ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಸಾಬೂನನ್ನೂ ಮನೆಯಲ್ಲೇ ಎರಕ ಹೊಯ್ಯೋಣ ಎನ್ನುತ್ತಾರೆ. ಮುಂದಿನ ಕೂಟದಲ್ಲಿ ಇದನ್ನೆಲ್ಲ ಮಾಡಿ ತೋರಿಸಬೇಕೆಂಬ ಸೂಚನೆಯೂ ಬಂದಿದೆಯಂತೆ. ರಸಾಯನ ವಿಜ್ಞಾನ ನನ್ನ ಕಸುಬಾದ್ದರಿಂದ ಹಲವರು ನನ್ನ ಅಭಿಪ್ರಾಯ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಇಲ್ಲಿ ಬರೆದುಬಿಡುವುದು ಮೇಲು.

ನನ್ನ ಅಭಿಪ್ರಾಯ ಇಷ್ಟು. ಮನೆಯಲ್ಲಿ ಮಾಡಿಕೊಳ್ಳಬಹುದಾದ ಮಾರ್ಜಕ ಉಂಟು, ಅಗ್ಗವೂ ಹೌದು. ಆದರೆ ತುರಿದ ಸಾಬೂನಿನ ಪುಡಿ ಅದಲ್ಲ. ಖತೀಫಿನ ನೀರಿನಲ್ಲಂತೂ ಖಂಡಿತ ಅಲ್ಲ. ಕೂಟದಲ್ಲಿ ತೋರಿಸುವುದಾದರೆ ಅಂಟುವಾಳವನ್ನೂ ಸೋಡಾವನ್ನೂ ತೋರಿಸೋಣ. ಕಾಸ್ಟಿಕ್ ಸೋಡಾ ನಮ್ಮ ಮನೆಗಳೊಳಕ್ಕೆ ಬರುವುದೇ ಬೇಡ.

ಕಾರಣಗಳಲ್ಲಿ ಮೊದಲನೆಯದು ನೀರು. ಉಡುಪಿಯ ಬಾವಿಕಟ್ಟೆಯಲ್ಲಿ ಕೈಗೆ ಸಾಬೂನು ಹಚ್ಚಿಕೊಂಡರೆ ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ. ಕೋಲಾರದ ಕೊಳವೆಬಾವಿಯ ನೀರಿನಲ್ಲಿ ಅದೇ ಸಾಬೂನನ್ನು ಉಜ್ಜಿ ಉಜ್ಜಿ ಕೈ ಸೋತರೂ ನೊರೆ ಬಾರದು. ಸಾಬೂನು ಒಂದೇ, ನೀರು ಬೇರೆ. ಕರಾವಳಿಯ ಮಳೆನೀರು ಕೆಂಪು ಮುರಕಲ್ಲಿನ ನೆಲದಲ್ಲಿ ಇಳಿದು ಬಾವಿಗೆ ಬರುತ್ತದೆ, ಅದರಲ್ಲಿ ಸುಣ್ಣದ ಅಂಶ ಕಡಮೆ. ಅದು ಮೆದು ನೀರು. ಬಯಲುಸೀಮೆಯ ಆಳದ ನೀರು ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬಂದದ್ದು. ಅದು ಗಡಸು ನೀರು.

ಖತೀಫು ಹುಟ್ಟಿದ್ದೇ ನೆಲದಡಿಯ ನೀರಿನಿಂದ. ಈ ಖರ್ಜೂರದ ತೋಟಗಳಿಗೆ ಸಾವಿರಾರು ವರ್ಷ ಜೀವ ಕೊಟ್ಟದ್ದು ಇಲ್ಲಿಯ ಬುಗ್ಗೆಗಳು. ತಾರೂತ್ ಕೋಟೆಯ ಬುಡದಲ್ಲಿ ಒಂದು ಕಾಲಕ್ಕೆ ಹೆಂಗಸರು ಮಕ್ಕಳು ಮೀಯುತ್ತಿದ್ದ ಬುಗ್ಗೆಯಿತ್ತು. ಅಬೂ ಲೋಜಾ ಎಂಬ ಹಳೆಯ ಗುಮ್ಮಟದ ಸ್ನಾನಗೃಹ ಕಟ್ಟಿದ್ದು ಅಂಥದೇ ಬುಗ್ಗೆಯ ಮೇಲೆ. ನೀರನ್ನು ಅತಿಯಾಗಿ ಎತ್ತಿದ್ದರಿಂದ ಈ ಬುಗ್ಗೆಗಳು ಬಹುಮಟ್ಟಿಗೆ ಬತ್ತಿಹೋದವು. ಆದರೆ ನೆಲದಡಿಯ ಪದರ ಅದೇ, ಅದು ಸುಣ್ಣಕಲ್ಲು. ಈಗ ನಮ್ಮ ನಲ್ಲಿಗಳಲ್ಲಿ ಬರುವುದು ಕೆಲವೆಡೆ ಕಡಲ ನೀರನ್ನು ಸಿಹಿಮಾಡಿದ್ದು, ಕೆಲವೆಡೆ ಬಾವಿಯ ನೀರು, ಕೆಲವೆಡೆ ಎರಡೂ ಬೆರೆತದ್ದು. ಆದ್ದರಿಂದ ಸಫ್ವಾದ ಒಂದು ಮನೆಯ ಅನುಭವ ಸೈಹಾತಿನ ಇನ್ನೊಂದು ಮನೆಗೆ ಹೊಂದದೇ ಹೋಗಬಹುದು. ಯಾರೋ ಹೇಳಿದರೆಂದು ನಂಬುವ ಬದಲು ನಿಮ್ಮ ನಲ್ಲಿಯನ್ನೇ ಕೇಳಿ. ಎರಡು ಖಾಲಿ ಶೀಷೆ ತೆಗೆದುಕೊಳ್ಳಿ. ಒಂದಕ್ಕೆ ನಲ್ಲಿಯ ನೀರು, ಇನ್ನೊಂದಕ್ಕೆ ಏರ್ ಕಂಡಿಷನರಿನಿಂದ ತೊಟ್ಟಿಕ್ಕಿದ ನೀರು, ಎರಡೂ ಅರ್ಧರ್ಧ. ಎರಡಕ್ಕೂ ಕಡಲೆ ಬೇಳೆಯಷ್ಟು ಸಾಬೂನನ್ನು ಚೂರುಮಾಡಿ ಹಾಕಿ, ಕರಗಿದ ಮೇಲೆ ಚೆನ್ನಾಗಿ ಕುಲುಕಿ. ಒಂದರಲ್ಲಿ ನೊರೆ ಕತ್ತಿನವರೆಗೆ ಏರಿ ನಿಂತು, ಇನ್ನೊಂದರಲ್ಲಿ ಮಜ್ಜಿಗೆಯಂತೆ ಕದಡಿ ಮೇಲೆ ಕೆನೆ ತೇಲಿದರೆ, ನಿಮ್ಮ ನೀರು ಗಡಸೆಂದು ತಿಳಿಯಿರಿ.

ಆ ಕೆನೆಯೇ ಕಥೆಯ ಖಳನಾಯಕ. ಸಾಬೂನೆಂದರೆ ಎಣ್ಣೆಯ ಆಮ್ಲ ಮತ್ತು ಸೋಡಿಯಂ ಸೇರಿ ಆದ ಲವಣ. ಗಡಸು ನೀರಿನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಹೊರದಬ್ಬಿ ತಾನು ಆ ಜಾಗದಲ್ಲಿ ಕೂಡುತ್ತದೆ. ಹಾಗಾದ ಕ್ಯಾಲ್ಸಿಯಂ ಸಾಬೂನು ನೀರಿನಲ್ಲಿ ಕರಗದು, ಕೊಳೆ ತೆಗೆಯದು; ಅಂಟಂಟಾಗಿ ಬಟ್ಟೆಯ ಎಳೆಗಳ ನಡುವೆ ಸೇರಿಕೊಳ್ಳುತ್ತದೆ. ಇದಕ್ಕೆ ಲೆಕ್ಕವೂ ಇದೆ. ಲೀಟರಿಗೆ ೩೦೦ ಮಿಲಿಗ್ರಾಂ ಗಡಸುತನವಿರುವ ನೀರು ಪ್ರತಿ ಲೀಟರಿಗೂ ೧.೮ ಗ್ರಾಂ ಸಾಬೂನನ್ನು ಸುಮ್ಮನೆ ನುಂಗುತ್ತದೆ. ಹದಿನೈದು ಲೀಟರಿನ ಬಕೆಟ್ಟಿಗೆ ೨೭ ಗ್ರಾಂ. ನಾಲ್ಕು ಬಕೆಟ್ಟಿಗೆ ಒಂದು ನೂರು ಗ್ರಾಮಿನ ಬಿಲ್ಲೆ ಪೂರಾ ಹೋಯಿತು, ಇನ್ನೂ ಒಂದು ಕರವಸ್ತ್ರವನ್ನೂ ಒಗೆದಿಲ್ಲ! ಮೇಲೆ ಹೇಳಿದ ವಿಧಾನದ ಎರಡು ಚಮಚದಲ್ಲಿ ಸಾಬೂನು ಎಷ್ಟಿದ್ದೀತು? ಹತ್ತು ಗ್ರಾಂ ಇದ್ದರೆ ಹೆಚ್ಚು.

"ಅದಕ್ಕೇ ಅಲ್ಲವೇ ಸೋಡಾ ಹಾಕುವುದು?" ಎಂದು ಕೇಳುವಿರಿ. ಸರಿಯಾದ ಪ್ರಶ್ನೆ. ವಾಷಿಂಗ್ ಸೋಡಾ ಕ್ಯಾಲ್ಸಿಯಂ ಅನ್ನು ಸುಣ್ಣದ ಪುಡಿಯಾಗಿ ಕೆಳಗಿಳಿಸಿ ನೀರನ್ನು ಮೆದುಮಾಡುತ್ತದೆ ನಿಜ. ಆದರೆ ಆ ಕೆಲಸ ನಿಧಾನ, ಸಾಬೂನು ಹಾಳಾಗುವ ಕೆಲಸ ಬೇಗ. ಎರಡನ್ನೂ ಒಟ್ಟಿಗೆ ಹಾಕಿದರೆ ಸೋಡಾ ಕಣ್ಣುಬಿಡುವಷ್ಟರಲ್ಲಿ ಸಾಬೂನು ಕೆನೆಗಟ್ಟಿರುತ್ತದೆ. ಸೋಡಾವನ್ನು ಮೊದಲು ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಸಾಬೂನು ಹಾಕಿದರೆ ಸ್ವಲ್ಪ ಉಪಯೋಗವುಂಟು. ಆದರೂ ಕೊನೆಗೆ ಜಾಲಿಸುವುದು ಯಾವ ನೀರಿನಲ್ಲಿ? ಅದೇ ಗಡಸು ನೀರಿನಲ್ಲಿ. ಬಟ್ಟೆಯಲ್ಲಿ ಉಳಿದ ಸಾಬೂನೆಲ್ಲ ಆಗ ಎಳೆಯೊಳಗೇ ಕೆನೆಗಟ್ಟುತ್ತದೆ. ಮೊದಲ ತಿಂಗಳು ಏನೂ ತಿಳಿಯುವುದಿಲ್ಲ. ಎರಡು ಮೂರು ತಿಂಗಳಲ್ಲಿ ಬನಿಯನ್ನು ಬೂದಿಬಣ್ಣಕ್ಕೆ ತಿರುಗುತ್ತದೆ, ಟವೆಲು ಹಪ್ಪಳದಂತಾಗಿ ನೀರು ಹೀರುವುದನ್ನು ಬಿಡುತ್ತದೆ, ಮಡಿಸಿಟ್ಟ ಬಟ್ಟೆ ಕಮಟು ವಾಸನೆ ಹೊಡೆಯುತ್ತದೆ. ಹತ್ತು ರಿಯಾಲು ಉಳಿಸಲು ಹೋಗಿ ನೂರು ರಿಯಾಲಿನ ಬಟ್ಟೆ ಬದಲಾಯಿಸುವ ಲೆಕ್ಕ ಇದು.

ಇಲ್ಲಿ ಹಿರಿಯರು ಒಂದು ಆಕ್ಷೇಪ ಎತ್ತುತ್ತಾರೆ: ನಮ್ಮ ಅಜ್ಜಿಯ ಕಾಲದಲ್ಲಿ ಯಾವ ಪುಡಿಯೂ ಇರಲಿಲ್ಲ, ಆದರೂ ಪಂಚೆ ಹಾಲಿನಂತೆ ಬೆಳ್ಳಗಿರುತ್ತಿರಲಿಲ್ಲವೇ? ಇರುತ್ತಿತ್ತು. ಮಡಿವಾಳರು ಚೌಳು ಮಣ್ಣು ತಂದು, ಅದರ ತಿಳಿಯಲ್ಲಿ ಬಟ್ಟೆ ಅದ್ದಿ, ಉಬ್ಬೆ ಹಾಕಿ ಹಬೆಯಲ್ಲಿ ಬೇಯಿಸಿ, ಮಳೆನೀರು ತುಂಬಿದ ಕೆರೆಯಲ್ಲಿ ಕಲ್ಲಿಗೆ ಒಗೆದು, ಬಿಸಿಲಿಗೆ ಹರವುತ್ತಿದ್ದರು. ಚೌಳು ಮಣ್ಣಿನಲ್ಲಿ ಇರುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಇಂದಿನ ವಾಷಿಂಗ್ ಸೋಡಾವೇ. ಆ ಬಿಳುಪಿನಲ್ಲಿ ಮಣ್ಣಿನ ಪಾಲು ಸ್ವಲ್ಪ, ಹಬೆಯ ಪಾಲು ಸ್ವಲ್ಪ, ಮೆದು ನೀರಿನ ಪಾಲು ಬಹಳ, ಮಡಿವಾಳರ ರಟ್ಟೆಯ ಪಾಲು ಎಲ್ಲಕ್ಕಿಂತ ಹೆಚ್ಚು. ನಾವು ಆ ರಟ್ಟೆಯನ್ನು ಮರೆತು ಮಣ್ಣನ್ನಷ್ಟೇ ಹೊಗಳುತ್ತೇವೆ.

ನಾವು ಈಗ ಬಾಳುತ್ತಿರುವ ಈ ತೀರದಲ್ಲೂ ಇದೇ ವಿದ್ಯೆ ಇತ್ತು. ಕಡಲಂಚಿನ ಉಪ್ಪುನೆಲದಲ್ಲಿ ಬೆಳೆಯುವ ದಪ್ಪೆಲೆಯ ಒಂದು ಕುರುಚಲು ಗಿಡಕ್ಕೆ ಇಲ್ಲಿಯವರು ಉಶ್ನಾನ್, ಆಡುಮಾತಿನಲ್ಲಿ ಶ್ನಾನ್, ಎನ್ನುತ್ತಾರೆ. ಒಣಗಿಸಿ ಪುಡಿಮಾಡಿ ಬಟ್ಟೆ ಪಾತ್ರೆ ತೊಳೆಯುತ್ತಿದ್ದರು. ಇಂಥ ಉಪ್ಪುಗಿಡಗಳನ್ನು ಸುಟ್ಟ ಬೂದಿಗೆ ಅರಬ್ಬಿಯಲ್ಲಿ ಅಲ್-ಕಲಿ ಎಂದು ಹೆಸರು. ಶಾಲೆಯಲ್ಲಿ ನಾವು ಉರು ಹೊಡೆದ "ಆಲ್ಕಲಿ" ಎಂಬ ಶಬ್ದ ಇದೇ. ಕೂದಲಿಗೆ ಸಿದ್ರ್ ಎಲೆಯ ಪುಡಿ. ಅದು ನಮ್ಮ ಎಲಚಿಯ ಸೋದರ ಗಿಡ, ನಮ್ಮಲ್ಲಿ ಸೀಗೆಕಾಯಿ ಮಾಡುವ ಕೆಲಸವನ್ನು ಇಲ್ಲಿ ಮಾಡುತ್ತದೆ. ಮೃತರ ಕೊನೆಯ ಸ್ನಾನಕ್ಕೂ ಅದನ್ನೇ ಬಳಸುವುದು ಇಲ್ಲಿಯ ಸಂಪ್ರದಾಯ.

ಹಾಗಾದರೆ ಉಶ್ನಾನಿನ ಸೋಡಾ ನೈಸರ್ಗಿಕ, ಅಂಗಡಿಯ ಸೋಡಾ ಕೃತಕ ಎನ್ನೋಣವೇ? ಕೆನ್ಯಾದ ಮಗಾಡಿ ಸರೋವರದ ದಡದಿಂದ ಬಾಚಿದರೂ ಅದೇ ಸೋಡಾ, ಗುಜರಾತಿನ ಮೀಠಾಪುರದ ಕಾರ್ಖಾನೆಯಲ್ಲಿ ಉಪ್ಪು ಮತ್ತು ಸುಣ್ಣಕಲ್ಲಿನಿಂದ ಮಾಡಿದರೂ ಅದೇ ಸೋಡಾ. ಅಣುವಿಗೆ ತನ್ನ ಹುಟ್ಟೂರು ನೆನಪಿರುವುದಿಲ್ಲ. ಬೋರಾಕ್ಸ್ ಕೂಡ ನೆಲದಿಂದ ಅಗೆದ ಖನಿಜವೇ, ಅಚ್ಚ ನೈಸರ್ಗಿಕ. ಆದರೂ ಸಂತಾನಶಕ್ತಿಗೆ ಹಾನಿಕರವಾದ ವಸ್ತುಗಳ ಪಟ್ಟಿಯಲ್ಲಿ ಯುರೋಪಿನವರು ಅದನ್ನು ಸೇರಿಸಿದ್ದಾರೆ. ಎಳೆಯ ಮಕ್ಕಳಿರುವ ಮನೆಯಲ್ಲಿ ಅದನ್ನು ಬಟ್ಟಲುಗಟ್ಟಲೆ ಅಳೆಯುವ ಅಗತ್ಯ ನನಗಂತೂ ಕಾಣದು. ಅಂಗಡಿಯ ಪುಡಿಯಲ್ಲಿ ಕೊಳೆ ತೆಗೆಯುವ ಮುಖ್ಯ ವಸ್ತು ಬರುವುದು ಪೆಟ್ರೋಲಿಯಂನಿಂದ. ಅದರ ಮೂಲವಸ್ತುವನ್ನು ನಮ್ಮ ನೆರೆಯ ಜುಬೈಲಿನಲ್ಲೇ ತಯಾರಿಸುತ್ತಾರೆ. ಸ್ಥಳೀಯ ಎಂಬುದೇ ಗುಣವಾದರೆ ಖತೀಫಿನವರಿಗೆ ಅದಕ್ಕಿಂತ ಸ್ಥಳೀಯವಾದ ವಸ್ತು ಉಂಟೇ?

ತಮಾಷೆ ಹಾಗಿರಲಿ. ಆ ಕೃತಕ ಮಾರ್ಜಕ ಹುಟ್ಟಿದ್ದೇ ಗಡಸು ನೀರಿನ ಸಮಸ್ಯೆಯಿಂದ. ಅಮೆರಿಕದಲ್ಲಿ ಟೈಡ್ ಹೊರಬಂದದ್ದು ೧೯೪೬ರಲ್ಲಿ. ಭಾರತಕ್ಕೆ ಸರ್ಫ್ ಬಂದದ್ದು ೧೯೫೯ರಲ್ಲಿ. ಹತ್ತು ವರ್ಷದ ಮೇಲೆ, ೧೯೬೯ರಲ್ಲಿ, ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಎಂಬ ರಸಾಯನಜ್ಞ ಸರ್ಕಾರಿ ಕೆಲಸದಲ್ಲಿದ್ದುಕೊಂಡೇ ಮನೆಯ ಹಿತ್ತಲಿನಲ್ಲಿ ಪುಡಿ ಬೆರೆಸಿ, ಸೈಕಲ್ಲಿನ ಮೇಲೆ ಮನೆಮನೆಗೆ ಒಯ್ದು, ಕಿಲೋಗೆ ಮೂರು ರೂಪಾಯಿಗೆ ಮಾರಿದರು. ಅದೇ ನಿರ್ಮಾ. ಮನೆಯಲ್ಲಿ ಮಾಡಿದ ಅಗ್ಗದ ಮಾರ್ಜಕದ ಕಥೆ ಬೇಕೆಂದರೆ ಇದಕ್ಕಿಂತ ದೊಡ್ಡದು ಸಿಗಲಾರದು. ಅವರು ಸಾಬೂನು ತುರಿಯಲಿಲ್ಲ ಎಂಬುದನ್ನು ಗಮನಿಸಬೇಕು.

ಪರಿಸರದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ೨೦೧೫ರಲ್ಲಿ ರಸ್ತೆಗೆ ಉಕ್ಕಿಬಂದು, ಅದಕ್ಕೆ ಬೆಂಕಿಯೂ ಹತ್ತಿಕೊಂಡದ್ದನ್ನು ನಾವೆಲ್ಲ ತಲೆತಗ್ಗಿಸಿ ನೋಡಿದ್ದೇವೆ. ಶುದ್ಧಿಮಾಡದ ಕೊಳಚೆಯ ಜೊತೆ ನಮ್ಮೆಲ್ಲರ ಮನೆಯ ಪುಡಿಯೂ ಅಲ್ಲಿಗೆ ಹರಿದಿತ್ತು. ೧೯೬೦ರ ದಶಕದಲ್ಲಿ ಪಾಶ್ಚಾತ್ಯ ದೇಶಗಳು, ಕೊಳೆತು ಹೋಗದ ಮಾರ್ಜಕವನ್ನು ಬಿಟ್ಟು ಸೂಕ್ಷ್ಮಜೀವಿಗಳು ತಿಂದು ಮುಗಿಸಬಲ್ಲ ಮಾರ್ಜಕಕ್ಕೆ ಬದಲಾಯಿಸಿದ್ದು ಇಂಥದೇ ನೊರೆಯನ್ನು ಕಂಡು. ಆದರೆ ಕೊಳಚೆಯನ್ನು ಶುದ್ಧಿಮಾಡಿದರೆ ಮಾತ್ರ ಅದರ ಪ್ರಯೋಜನ. ನಮ್ಮ ಕೈಯಲ್ಲಿರುವುದು ಹಾಕುವ ಅಳತೆಯನ್ನು ತಗ್ಗಿಸುವುದು. ಹೆಚ್ಚು ನೊರೆ ಬಂದರೆ ಹೆಚ್ಚು ಶುಭ್ರ ಎಂಬ ನಂಬಿಕೆ ನಮ್ಮವರಲ್ಲಿ ಬೇರೂರಿದೆ. ನೊರೆಗೂ ಶುಭ್ರತೆಗೂ ಸಂಬಂಧ ಬಹಳ ಕಡಮೆ.

ಇನ್ನು ಉಳಿತಾಯದ ದಾರಿ. ವಾಷಿಂಗ್ ಸೋಡಾ ಸಿಗದಿದ್ದರೆ ಅಡುಗೆ ಸೋಡಾದಿಂದಲೇ ಮಾಡಿಕೊಳ್ಳಬಹುದು. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಓವನ್ನಿನಲ್ಲಿ ೨೦೦ ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟರೆ ನೀರೂ ಇಂಗಾಲಾಮ್ಲವೂ ಹಾರಿಹೋಗಿ ನೂರು ಗ್ರಾಂಗೆ ೬೩ ಗ್ರಾಂ ವಾಷಿಂಗ್ ಸೋಡಾ ಉಳಿಯುತ್ತದೆ. ಅಲ್ಯೂಮಿನಿಯಂ ತಟ್ಟೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಒಂದು ಬಕೆಟ್ ನೀರಿಗೆ ಇದರ ಎರಡು ಸಣ್ಣ ಚಮಚ ಕದಡಿ ಕಾಲು ಗಂಟೆ ಬಿಡಿ. ಆಮೇಲೆ ಅಂಗಡಿಯ ಪುಡಿಯನ್ನು ನೀವು ಎಂದಿನಂತೆ ಹಾಕುವುದರ ಅರ್ಧದಿಂದ ಆರಂಭಿಸಿ. ದಿನಬಳಕೆಯ ಹತ್ತಿ ಬಟ್ಟೆಗೆ ಅದು ಸಾಕಾಗುವುದನ್ನು ನೋಡುವಿರಿ. ಸೋಡಾದಿಂದ ಕೈ ಒಡೆಯುತ್ತದೆ, ಕೈಗವಸು ಹಾಕಿಕೊಳ್ಳಿ. ತಿಂಗಳಿಗೊಮ್ಮೆ ಟವೆಲು ಬನಿಯನ್ನುಗಳನ್ನು, ಇಲ್ಲಿಯ ಅಂಗಡಿಗಳಲ್ಲಿ ಮಿಲ್ಹ್ ಲೈಮೂನ್ ಎಂದು ಸಿಗುವ ನಿಂಬೆ ಉಪ್ಪಿನ ಒಂದು ಚಮಚ ಕದಡಿದ ನೀರಿನಲ್ಲಿ ನೆನೆಸಿ ಜಾಲಿಸಿದರೆ ಕೂತಿದ್ದ ಸುಣ್ಣ ಬಿಡುತ್ತದೆ. ಸೋಡಾ ಮತ್ತು ವಿನಿಗರನ್ನು ಒಟ್ಟಿಗೆ ಸುರಿದು, ಬುಸ್ಸೆಂದು ನೊರೆಯೆದ್ದಿತೆಂದು ಸಂತೋಷಪಡುವವರನ್ನು ಕಂಡಿದ್ದೇನೆ. ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದುಕೊಳ್ಳುವ ಸದ್ದು ಅದು. ಬಟ್ಟೆಗೆ ಏನೂ ಲಾಭವಿಲ್ಲ.

ಈ ಊರು ನಮಗೆ ಬಿಟ್ಟಿಯಾಗಿ ಕೊಡುವ ಎರಡು ವಸ್ತುಗಳಿವೆ, ಅವನ್ನು ನಾವು ಚೆಲ್ಲುತ್ತಿದ್ದೇವೆ. ಒಂದು, ಬೇಸಗೆಯ ಬಿಸಿನೀರು. ಜುಲೈ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನ ನೀರು ತಾನಾಗಿ ಕಾದಿರುತ್ತದೆ, ವಿದ್ಯುತ್ತಿನ ಖರ್ಚಿಲ್ಲ. (ರಕ್ತ, ಹಾಲು, ಮೊಟ್ಟೆಯ ಕಲೆಗಳನ್ನು ಮಾತ್ರ ಮೊದಲು ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿ ತಾಗಿದರೆ ಕಲೆ ಬೆಂದು ಅಂಟುತ್ತದೆ.) ಇನ್ನೊಂದು, ಏರ್ ಕಂಡಿಷನರಿನ ನೀರು. ಕಡಲತಡಿಯ ಈ ಸೆಕೆಗಾಳಿಯಿಂದ ಇಳಿಯುವ ಆ ನೀರಿನಲ್ಲಿ ಸುಣ್ಣದ ಸುಳಿವಿಲ್ಲ; ಬಟ್ಟಿ ಇಳಿಸಿದ ನೀರಿಗೆ ಸಮಾನ. ಕುಡಿಯಲು ಬಾರದು, ಒಗೆಯಲು ಅದಕ್ಕಿಂತ ಮಿಗಿಲಿಲ್ಲ. ಕೊಳವೆಯ ಕೆಳಗೊಂದು ಬಕೆಟ್ ಇಟ್ಟರಾಯಿತು. ಸಾಬೂನಿನಲ್ಲೇ ಒಗೆಯಬೇಕೆಂಬ ಹಟವಿದ್ದವರು ಈ ನೀರಿನಲ್ಲಿ ಒಗೆದು ಇದರಲ್ಲೇ ಜಾಲಿಸಲಿ, ನನ್ನ ಆಕ್ಷೇಪಣೆಯಿಲ್ಲ. ಹಂಚಿಕೊಂಡ ಕೋಣೆಗಳಲ್ಲಿ ಇದ್ದು ಬಕೆಟ್ಟಿನಲ್ಲಿ ಕೈಯಿಂದ ಒಗೆದುಕೊಳ್ಳುವ, ಉಳಿಸಿದ ಪ್ರತಿ ರಿಯಾಲನ್ನೂ ಊರಿಗೆ ಕಳಿಸುವ ನಮ್ಮ ತರುಣರಿಗೆ ಈ ಮಾತು ನಮಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು. ದಯವಿಟ್ಟು ಅವರಿಗೆ ತಿಳಿಸಿ.

ಕಾಸ್ಟಿಕ್ ಸೋಡಾದ ಬಗ್ಗೆ ನಾನು ಇಷ್ಟು ಕಠಿಣವಾಗಿರುವುದಕ್ಕೆ ಕಾರಣ ಹೇಳಬೇಕು. ನೂರು ಗ್ರಾಂ ಕೊಬ್ಬರಿ ಎಣ್ಣೆಗೆ ಹದಿನೆಂಟು ಗ್ರಾಂನಷ್ಟು ಅದು ಬೇಕು. ಅಡುಗೆಮನೆಯ ತಕ್ಕಡಿಯ ಅಂದಾಜು ಹೆಚ್ಚಾದರೆ ಉಳಿದ ಕಾಸ್ಟಿಕ್ ಸಾಬೂನಿನಲ್ಲೇ ಇರುತ್ತದೆ. ಅದನ್ನು ಕರಗಿಸಿದ ನೀರು ನೋಡಲು ಬರಿಯ ನೀರಿನಂತೆಯೇ ಇದೆ, ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನ ಖಾಲಿ ಶೀಷೆಗೆ ತುಂಬಿಟ್ಟರೆ ಮಗು ಒಂದು ಗುಟುಕಿನಲ್ಲಿ ಅನ್ನನಾಳ ಸುಟ್ಟುಕೊಳ್ಳುತ್ತದೆ. ಬದುಕಿದರೂ ಜೀವಮಾನವೆಲ್ಲ ನುಂಗಲು ಕಷ್ಟ. ಕಣ್ಣಿಗೆ ಹಾರಿದರೆ ದೃಷ್ಟಿ ಹೋಗುತ್ತದೆ. ಕೈಗವಸು, ಕನ್ನಡಕ, ಬೀಗವಿರುವ ಕಪಾಟು ಇರುವ ಪ್ರಯೋಗಶಾಲೆಯಲ್ಲೇ ಅದನ್ನು ಎಚ್ಚರದಿಂದ ಮುಟ್ಟುವ ನಾನು, ಮಕ್ಕಳು ಓಡಾಡುವ ಎರಡು ಕೋಣೆಯ ಮನೆಯಲ್ಲಿ ಅದನ್ನು ಕಲಕಿ ತೋರಿಸಲಾರೆ. ಇದರ ಜೊತೆಗೇ ಒಂದು ಮಾತು: ಕ್ಲೋರಾಕ್ಸ್ ಮುಂತಾದ ಬಿಳಿಚು ದ್ರಾವಣಕ್ಕೆ ವಿನಿಗರನ್ನಾಗಲಿ, ನಿಂಬೆ ಉಪ್ಪನ್ನಾಗಲಿ, ಕಕ್ಕಸು ತೊಳೆಯುವ ಆಮ್ಲವನ್ನಾಗಲಿ ಎಂದಿಗೂ ಬೆರೆಸಬೇಡಿ. ಹೊರಬರುವುದು ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿ ಏರ್ ಕಂಡಿಷನರ್ ಹಾಕಿದ ನಮ್ಮ ಸ್ನಾನದ ಮನೆಗಳಲ್ಲಿ ಅದು ಪ್ರಾಣಕ್ಕೇ ಸಂಚಕಾರ.

ಕೂಟದಲ್ಲಿ ಧಾರಾಳವಾಗಿ ತೋರಿಸಬಹುದಾದದ್ದು ಅಂಟುವಾಳ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ವಸ್ತು ಸಾಬೂನಿನ ಜಾತಿಯದಲ್ಲ. ಆದ್ದರಿಂದ ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಸಾಬೂನಿನಂತೆ ಕೆನೆಗಟ್ಟಿಸದು. ಗುಣ ತುಸು ಆಮ್ಲೀಯ. ರೇಷ್ಮೆ, ಉಣ್ಣೆಗಳು ಪ್ರೋಟೀನಿನ ಎಳೆಗಳು. ಸೋಡಾದ ಕ್ಷಾರ ಅವನ್ನು ಒರಟುಮಾಡುತ್ತದೆ, ಕಿಣ್ವ ಬೆರೆತ ಅಂಗಡಿ ಪುಡಿ ಅವನ್ನು ನಿಧಾನವಾಗಿ ಜೀರ್ಣವೇ ಮಾಡಿಕೊಳ್ಳುತ್ತದೆ. ಮದುವೆಗೆ ತೆಗೆದ ಮೈಸೂರು ರೇಷ್ಮೆ ಸೀರೆಗೆ, ಇಳಕಲ್ಲಿನ ರೇಷ್ಮೆ ಸೆರಗಿಗೆ ಅಂಟುವಾಳಕ್ಕಿಂತ ಒಳ್ಳೆಯ ಮನೆಮದ್ದಿಲ್ಲ. ನಮ್ಮ ಅಕ್ಕಸಾಲಿಗರು ಒಡವೆ ತೊಳೆಯಲು ಇದನ್ನೇ ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಬೀಜ ತೆಗೆದ ಐವತ್ತು ಗ್ರಾಂ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಅರ್ಧ ಬಕೆಟ್ ನೀರಿಗೆ ಒಂದು ಲೋಟ ರಸ ಸಾಕು. ಹೊಸ ಸೀರೆಯಾದರೆ ಒಳಮಡಿಕೆಯ ಮೂಲೆಯಲ್ಲಿ ಮೊದಲು ಬಣ್ಣ ಬಿಡುವುದೇ ಎಂದು ನೋಡಿಕೊಳ್ಳಿ. ರಸದಲ್ಲಿ ಸಕ್ಕರೆಯ ಅಂಶವಿರುವುದರಿಂದ ಬೇಗ ಹುಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು, ಮೇಲೆ ಹೆಸರು ಬರೆದಿರಬೇಕು. ಹುಣಿಸೆ ರಸವೆಂದು ಸಾರಿಗೆ ಹಾಕಿದರೆ ಅಂದಿನ ಊಟದ ಗತಿ ಹೇಳಬೇಕಾಗಿಲ್ಲ. ಕಣ್ಣಿಗೆ ಬಿದ್ದರೆ ಬಹಳ ಉರಿ.

ಇದಕ್ಕೂ ಮಿತಿಯುಂಟು. ಜಿಡ್ಡುಗಟ್ಟಿದ ಕೊರಳಪಟ್ಟಿ, ಅರಿಸಿನದ ಕಲೆ, ಕೆಲಸದ ಬಟ್ಟೆಯ ಗ್ರೀಸು ಅಂಟುವಾಳಕ್ಕೆ ಬಗ್ಗುವುದಿಲ್ಲ. ಅಚ್ಚ ಬಿಳಿಯ ಬಟ್ಟೆಗೆ ಕಂದು ಛಾಯೆ ಹತ್ತಲೂಬಹುದು. ಅವಕ್ಕೆ ಅಂಗಡಿಯ ಪುಡಿಯೇ ಇರಲಿ. ಒಂದು ಒಗೆತಕ್ಕೆ ಒಂದು ರಿಯಾಲಿನ ಆಸುಪಾಸಿನ ಖರ್ಚು, ಸೋಡಾ ಸೇರಿಸಿದರೆ ಅದರಲ್ಲೂ ಉಳಿತಾಯ.

ರಜೆಗೆ ಊರಿಗೆ ಹೋದವರು ಗ್ರಂಧಿಗೆ ಅಂಗಡಿಯಿಂದ ಅರ್ಧ ಕಿಲೋ ಅಂಟುವಾಳ ತಂದರೆ ಒಂದು ಮನೆಯ ರೇಷ್ಮೆಗೆ ವರ್ಷಕ್ಕೆ ಮಿಕ್ಕುತ್ತದೆ. ಬೀಜ ಬಿಡಿಸಿ, ಚೆನ್ನಾಗಿ ಒಣಗಿಸಿ ತನ್ನಿ. ಒಗೆದ ನೀರಿನ ವಿಷಯವೂ ಒಂದಿದೆ. ಸೋಡಾ ಬೆರೆತ ನೀರನ್ನು ಬಾಲ್ಕನಿಯ ಕುಂಡಗಳಿಗೆ ಸುರಿಯಬೇಡಿ. ಸೋಡಿಯಂ ಸೇರಿ ಸೇರಿ ಕುಂಡದ ಮಣ್ಣೇ ಚೌಳಾಗುತ್ತದೆ. ಏರ್ ಕಂಡಿಷನರಿನ ನೀರಿನಲ್ಲಿ ತೆಳ್ಳಗೆ ಬೆರೆಸಿದ ಅಂಟುವಾಳದ ರಸವನ್ನಾದರೆ ಕರಿಬೇವಿನ ಎಲೆಗಳ ಮೇಲೆ ಸಂಜೆಯ ಹೊತ್ತು ಚಿಮುಕಿಸಬಹುದು, ಹೇನು ಹತ್ತಿದ್ದರೆ ಬಿಡುತ್ತದೆ. ಎಲೆ ಕೊಯ್ಯುವ ಮುನ್ನ ಒಮ್ಮೆ ಬರಿಯ ನೀರಿನಲ್ಲಿ ತೊಳೆದುಕೊಳ್ಳಿ.